ಬಲೆ ನೇಯದ ಜೇಡದ ವಾಸನೆಯ ಬೇಟೆ

ಪತಂಗ ಹಿಡಿಯುವುದು ಜೇಡಗಳಿಗೆ ಸುಲಭದ ಕೆಲಸವಲ್ಲ. ರಾತ್ರಿ ಹಾರುವ ಕೀಟಗಳ ಪೈಕಿ ಪತಂಗದಷ್ಟು ಹೇರಳವಾದ, ಮೈತುಂಬಿದ ಆಹಾರ ಇನ್ನೊಂದು ಸಿಗುವುದು ಕಷ್ಟ. ಆದರೆ ಅದರ ರೆಕ್ಕೆ ಮತ್ತು ಮೈಮೇಲೆಲ್ಲ ಸಡಿಲವಾಗಿ ಕೂತ ಹುರುಪೆಗಳಿರುತ್ತವೆ. ದೀಪಕ್ಕೆ ಬಂದ ಪತಂಗವನ್ನು ಹಿಡಿದುಬಿಟ್ಟರೆ ಬೆರಳಿಗೆ ಮೆತ್ತುವ ಬೂದಿಯಂಥ ಪುಡಿ ಅದೇ. ಚಕ್ರಾಕಾರದ ಬಲೆಗೆ ಪತಂಗ ಬಡಿದಾಗ ಅಂಟು ಹಿಡಿಯುವುದು ಈ ಹುರುಪೆಗಳನ್ನೇ ಹೊರತು ಪತಂಗವನ್ನಲ್ಲ. ಹುರುಪೆ ಬಲೆಗೆ ಉಳಿಯುತ್ತದೆ, ಪತಂಗ ಜಾರಿಕೊಂಡು ಹಾರಿಹೋಗುತ್ತದೆ. ಥಾಮಸ್ ಐಸ್ನರ್ ಮತ್ತು ಸಂಗಡಿಗರು ಇದನ್ನು 1964ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಬಲೆ ಹೆಣೆಯುವ ಜೇಡಗಳ ದೊಡ್ಡ ವಂಶದಲ್ಲಿ ಈ ತೊಡಕಿಗೆ ಹಲವು ಉತ್ತರಗಳು ಹುಟ್ಟಿಕೊಂಡಿವೆ. ಎಲ್ಲಕ್ಕಿಂತ ವಿಚಿತ್ರವಾದ ಉತ್ತರ ಮ್ಯಾಸ್ಟೊಫೋರಾ ಎಂಬ ಕುಲದ್ದು. ಅದು ಬಲೆ ನೇಯುವುದನ್ನೇ ಬಿಟ್ಟುಬಿಟ್ಟಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಅರ್ಜೆಂಟೀನಾದವರೆಗೆ ಹರಡಿರುವ ಈ ಕುಲದಲ್ಲಿ ಸುಮಾರು ಐವತ್ತು ಪ್ರಭೇದಗಳಿವೆ. ಹೆಣ್ಣು ಒಂದರಿಂದ ಒಂದೂವರೆ ಸೆಂಟಿಮೀಟರ್, ಗಂಡು ಎರಡು ಮಿಲಿಮೀಟರ್ ಆದರೆ ಹೆಚ್ಚು. ಹಗಲಿನಲ್ಲಿ ಹೆಣ್ಣು ಎಲೆ ಅಥವಾ ಕಡ್ಡಿಯ ಮೇಲೆ ಮುದುಡಿ ಕೂತಿದ್ದರೆ ಹಕ್ಕಿ ಹಿಕ್ಕೆ ಒಣಗಿ ಬಿದ್ದಿದೆ ಎಂದೇ ಅನ್ನಿಸಬೇಕು. ಕತ್ತಲಾದ ಮೇಲೆ ಅದಕ್ಕೆ ಜೀವ ಬರುತ್ತದೆ. ಕೊಂಬೆಯ ಕೆಳಗೆ ಅಡ್ಡಕ್ಕೆ ಒಂದು ಎಳೆ ಕಟ್ಟುತ್ತದೆ. ಆ ಎಳೆಯಿಂದ ಇನ್ನೊಂದು ಎಳೆ ಇಳಿಬಿಟ್ಟು, ಅದರ ತುದಿಗೆ ಹಿಂಗಾಲುಗಳಿಂದ ಅಂಟನ್ನು ಎಳೆದೆಳೆದು ಸೇರಿಸಿ ಎರಡು ಮೂರು ಮಿಲಿಮೀಟರಿನ ಗುಂಡು ಮಾಡುತ್ತದೆ. ಆಮೇಲೆ ಆ ದಾರವನ್ನು ಮುಂಗಾಲಿನಲ್ಲಿ ಹಿಡಿದು ನೇತಾಡುತ್ತ ಕಾಯುತ್ತದೆ. ಪತಂಗ ಹತ್ತಿರ ಸುಳಿದಾಗ ಕಾಲು ಬೀಸುತ್ತದೆ. ಗುಂಡು ತಾಗಿದರೆ ಪತಂಗ ದಾರದ ತುದಿಯಲ್ಲಿ ಗಿರಗಿರ ಸುತ್ತುತ್ತ ಒದ್ದಾಡುತ್ತದೆ. ಜೇಡ ದಾರದಲ್ಲಿ ಇಳಿದು ಕಚ್ಚಿ, ನೂಲಿನಲ್ಲಿ ಸುತ್ತಿ ನೇತುಹಾಕುತ್ತದೆ. ಅರ್ಧ ಗಂಟೆಯೊಳಗೆ ಏನೂ ಸಿಗದೆ ಗುಂಡು ಒಣಗಲು ಶುರುವಾದರೆ ಅದನ್ನು ತಾನೇ ತಿಂದು ಹೊಸದನ್ನು ಕಟ್ಟುತ್ತದೆ.

ಈ ಗುಂಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಬರೀ ಅಂಟಿನ ಹನಿಯಲ್ಲ. ಒಳಗೆ ಮಡಿಸಿಟ್ಟ ಎಳೆಯ ಸುರುಳಿ ಇದೆ, ಹೊರಗೆ ಅಂಟು ಇದೆ. ಪತಂಗಕ್ಕೆ ತಾಗಿದ ಕೂಡಲೇ ಅಂಟು ಹುರುಪೆಗಳ ನಡುವಿಂದ ಇಳಿದು ಕೆಳಗಿನ ಚರ್ಮವನ್ನು ಮುಟ್ಟುತ್ತದೆ. ಒದ್ದಾಟದ ಜಗ್ಗು ಬಿದ್ದಾಗ ಒಳಗಿನ ಸುರುಳಿ ಬಿಚ್ಚಿಕೊಂಡು ದಾರ ಉದ್ದವಾಗುತ್ತದೆ, ಹರಿಯುವುದಿಲ್ಲ. ಚಕ್ರಬಲೆಯಲ್ಲಿ ನೂರಾರು ಪುಟ್ಟ ಹನಿಗಳಾಗಿ ಹಂಚಿಹೋಗುವ ಅಂಟನ್ನು ಒಂದೇ ಕಡೆ ಒಟ್ಟುಹಾಕಿದ್ದೇ ಇಲ್ಲಿನ ಜಾಣತನ. ಹುರುಪೆಯ ಕಾವಲನ್ನು ಮುರಿಯಲು ಅಷ್ಟು ಅಂಟು ಒಂದೇ ಜಾಗದಲ್ಲಿ ಬೇಕು.

ಆದರೆ ಈ ಬೀಸುವಿಕೆಯ ಮೇಲೆ ಬರೆದವರೆಲ್ಲ ಅಗತ್ಯಕ್ಕಿಂತ ಹೆಚ್ಚು ಮರುಳಾಗಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ದಾರದ ಉದ್ದ ಕೆಲವೇ ಸೆಂಟಿಮೀಟರ್. ಕಗ್ಗತ್ತಲಿನಲ್ಲಿ, ಕಾಡಿನ ಅಷ್ಟು ಗಾಳಿಯಲ್ಲಿ, ಒಂದು ಪತಂಗ ತಾನಾಗಿ ಆ ಕೆಲವು ಸೆಂಟಿಮೀಟರಿನ ಒಳಗೆ ಬಂದು ಹಾರಬೇಕೆಂದರೆ ಜೇಡ ತಿಂಗಳುಗಟ್ಟಲೆ ಉಪವಾಸ ಕೂರಬೇಕು. ನಿಜವಾದ ಪ್ರಶ್ನೆ ಜೇಡ ಹೇಗೆ ಬೀಸುತ್ತದೆ ಎನ್ನುವುದಲ್ಲ, ಪತಂಗ ಅಲ್ಲಿಗೆ ಯಾಕೆ ಬರುತ್ತದೆ ಎನ್ನುವುದು. ಈ ಕುಲದ ಅಧ್ಯಯನದ ಚರಿತ್ರೆಯೆಂದರೆ ಮೊದಲ ಪ್ರಶ್ನೆಯಿಂದ ಎರಡನೆಯದಕ್ಕೆ ಬರಲು ವಿಜ್ಞಾನ ತೆಗೆದುಕೊಂಡ ಸುಮಾರು ಮುಕ್ಕಾಲು ಶತಮಾನದ ಕಥೆ.

ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಶಾಲಾಮಾಸ್ತರಿಕೆ ಮಾಡಿದ ನಿಕೊಲಸ್ ಹೆಂಟ್ಜ್ 1850ರಲ್ಲಿ ಕೊಂಬಿರುವ ಒಂದು ಜೇಡವನ್ನು ವರ್ಣಿಸಿದ. ಇಂದಿನ ಮ್ಯಾಸ್ಟೊಫೋರಾ ಕಾರ್ನಿಜೆರಾ ಅದೇ. ಕುಲಕ್ಕೆ ಹೆಸರು ಕೊಟ್ಟವನು ಅರ್ಜೆಂಟೀನಾದ ಎಡ್ವಾರ್ಡೊ ಹೋಲ್ಮ್‌ಬರ್ಗ್, 1876ರಲ್ಲಿ. ಬೇಟೆಯ ವಿಷಯ ಅವರಿಬ್ಬರ ಬರಹದಲ್ಲಿಲ್ಲ. ಅದನ್ನು ಜಗತ್ತಿಗೆ ಹೇಳಿದವನು ಚಾರ್ಲ್ಸ್ ಹಚಿನ್ಸನ್. 1903ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವನ ಲೇಖನ ಬಂತು. ದಕ್ಷಿಣ ಅಮೆರಿಕದ ಪಾಂಪಾಸ್ ಹುಲ್ಲುಗಾವಲಿನ ಗೌಚೊ ದನಗಾಹಿಗಳು ದನ, ಕುದುರೆಗಳ ಕಾಲಿಗೆ ಸಿಕ್ಕಿಸಲು ಎಸೆಯುವ, ತುದಿಗೆ ಗುಂಡುಗಳನ್ನು ಕಟ್ಟಿದ ಹಗ್ಗ ‘ಬೋಲಾಸ್’. ಜೇಡದ ದಾರವನ್ನು ಅದಕ್ಕೆ ಹೋಲಿಸಿದ್ದರಿಂದ ಬೋಲಾಸ್ ಜೇಡ ಎಂಬ ಹೆಸರು ನಿಂತುಬಿಟ್ಟಿತು. ಗೌಚೊ ಹಗ್ಗವನ್ನು ಕೈಬಿಟ್ಟು ಎಸೆಯುತ್ತಾನೆ, ಜೇಡ ದಾರವನ್ನು ಬಿಡುವುದೇ ಇಲ್ಲ ಎಂಬ ವ್ಯತ್ಯಾಸವನ್ನು ಯಾರೂ ದೊಡ್ಡದು ಮಾಡಲಿಲ್ಲ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ವಿಲ್ಲಿಸ್ ಗರ್ಟ್ಶ್ 1955ರಲ್ಲಿ ಉತ್ತರ ಅಮೆರಿಕದ ಪ್ರಭೇದಗಳನ್ನು ಒಟ್ಟುಗೂಡಿಸಿ ಬರೆದಾಗ ಒಂದಕ್ಕೆ ಹಚಿನ್ಸೋನಿ ಎಂದು ಹೆಸರಿಟ್ಟ. ಇಡೀ ಕುಲದ ಪರಿಷ್ಕರಣೆ ಹಾರ್ವರ್ಡಿನ ಹರ್ಬರ್ಟ್ ಲೆವಿಯಿಂದ 2003ರಲ್ಲಿ ಬಂತು.

ಎರಡನೆಯ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಕೊಟ್ಟವನು ವಿಲಿಯಂ ಎಬರ್ಹಾರ್ಡ್. ಕೊಲಂಬಿಯಾದಲ್ಲಿ ರಾತ್ರಿಗಟ್ಟಲೆ ಈ ಜೇಡಗಳನ್ನು ಗಮನಿಸಿದ ಅವನಿಗೆ ಮೂರು ಸಂಗತಿ ಎದ್ದು ಕಂಡವು. ಬೇಟೆಗೆ ಸಿಕ್ಕ ಪತಂಗಗಳೆಲ್ಲ ಗಂಡು, ಒಂದೂ ಹೆಣ್ಣಿಲ್ಲ. ಸುತ್ತ ಎಷ್ಟೊಂದು ಬಗೆಯ ಪತಂಗಗಳಿದ್ದರೂ ಜೇಡದ ಬಳಿಗೆ ಬರುವುದು ಒಂದೆರಡು ಬಗೆಯವು ಮಾತ್ರ. ಬರುವಾಗ ಅವು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಬರುತ್ತವೆ. ಗಂಡು ಪತಂಗ ಹೆಣ್ಣಿನ ವಾಸನೆ ಹಿಡಿದು ಹೋಗುವುದೂ ಹೀಗೆಯೇ. ಜೇಡ ಹೆಣ್ಣು ಪತಂಗದ ಲಿಂಗಾಕರ್ಷಕ ವಾಸನೆಯನ್ನು ನಕಲು ಮಾಡಿ ಬಿಡುತ್ತಿದೆ ಎಂದು ಅವನು 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ. ಆ ಪ್ರಭೇದಕ್ಕೆ ಆಮೇಲೆ ಮ್ಯಾಸ್ಟೊಫೋರಾ ಡಿಜ಼ಿಡೀನಿ ಎಂದು ಹೆಸರಿಟ್ಟ. 1930ರ ದಶಕದ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆತಕ್ಕೆ ಹೆಸರಾಗಿದ್ದ ಡಿಜ಼ಿ ಡೀನ್ ನೆನಪಿಗೆ. ವಾಸನೆಯ ಗುಟ್ಟನ್ನು ಬಯಲಿಗೆಳೆದವನೇ ಜೇಡಕ್ಕೆ ಎಸೆತಗಾರನ ಹೆಸರಿಟ್ಟದ್ದು ತಮಾಷೆಯೇ ಸರಿ.

ಎಬರ್ಹಾರ್ಡ್ ನೋಡಿದ ಮುಖ್ಯ ಬೇಟೆ ಯಾವುದು ಎಂದು ಕೇಳಿದರೆ ಕರ್ನಾಟಕದ ಮೆಕ್ಕೆಜೋಳದ ರೈತರ ಕಿವಿ ನೆಟ್ಟಗಾಗಬೇಕು. ಅದು ಸ್ಪೊಡಾಪ್ಟೆರಾ ಫ್ರುಜಿಪರ್ಡಾ, ನಮ್ಮಲ್ಲಿ ಫಾಲ್ ಸೈನಿಕ ಹುಳು ಎಂದು ಕರೆಯುವ ಪೀಡೆಯ ಪತಂಗ. ಅಮೆರಿಕ ಖಂಡಗಳ ಈ ಹುಳು ಆಫ್ರಿಕಾಕ್ಕೆ ದಾಟಿ, 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಕಂಡದ್ದು ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದನ್ನು ಗುರುತಿಸಿದ್ದು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಈಗ ಹೊಲದಲ್ಲಿ ಕಟ್ಟುವ ಮೋಹಕ ಬಲೆಯೊಳಗಿನ ಗುಳಿಗೆಯಲ್ಲಿ ಈ ಹೆಣ್ಣು ಪತಂಗದ ವಾಸನೆಯ ಕೃತಕ ರೂಪವಿರುತ್ತದೆ. ಅದರ ಪ್ರಧಾನ ಘಟಕ ಜ಼ೆಡ್-9-ಟೆಟ್ರಾಡೆಸಿನೈಲ್ ಅಸಿಟೇಟ್. ಈ ಹೆಸರನ್ನು ನೆನಪಿಡಿ, ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಎಬರ್ಹಾರ್ಡ್ ಹೇಳಿದ್ದು ನಡವಳಿಕೆಯ ಆಧಾರದ ಮೇಲಿನ ತರ್ಕ. ವಾಸನೆಯನ್ನೇ ಹಿಡಿದು ಬಾಟಲಿಗೆ ತುಂಬಿ ತೋರಿಸುವುದು ಬೇರೆ ಮಾತು. ಲಿಂಗಾಕರ್ಷಕಗಳ ರಸಾಯನಶಾಸ್ತ್ರ ಶುರುವಾದದ್ದೇ 1959ರಲ್ಲಿ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಐದು ಲಕ್ಷದಷ್ಟು ಹೆಣ್ಣು ರೇಷ್ಮೆ ಪತಂಗಗಳ ಗ್ರಂಥಿಗಳಿಂದ, ಅಂದರೆ ರಾಮನಗರದ ಮಾರುಕಟ್ಟೆಗೆ ಗೂಡು ತರುವ ರೈತರು ಸಾಕುವ ಅದೇ ಪ್ರಭೇದದ ಹುಳುವಿನಿಂದ, ಬಾಂಬಿಕಾಲ್ ಎಂಬ ಮೊದಲ ಲಿಂಗಾಕರ್ಷಕವನ್ನು ಬೇರ್ಪಡಿಸಿದ. ಐದು ಲಕ್ಷ ಬೋಲಾಸ್ ಜೇಡಗಳನ್ನು ಕೂಡಿಸುವುದಂತೂ ಆಗದ ಮಾತು. ಇವು ಎಲ್ಲಿದ್ದರೂ ವಿರಳ. ವಾಸನೆ ಹೊರಡುವುದು ಜೇಡ ಬೇಟೆಗೆ ಕೂತಾಗ ಮಾತ್ರ. ಹಾಗಾಗಿ ಬದುಕಿರುವ, ಬೇಟೆಯಾಡುತ್ತಿರುವ ಜೇಡದ ಸುತ್ತಲಿನ ಗಾಳಿಯನ್ನೇ ಸೋಸಬೇಕಾಯಿತು. ಮಾರ್ಕ್ ಸ್ಟೋವ್, ಜೇಮ್ಸ್ ಟಮ್ಲಿನ್ಸನ್, ರಾಬರ್ಟ್ ಹೀತ್ ಈ ಕೆಲಸ ಮಾಡಿ 1987ರಲ್ಲಿ ಪ್ರಕಟಿಸಿದರು. ಕಾರ್ನಿಜೆರಾ ಜೇಡ ಬಿಡುವ ಗಾಳಿಯಲ್ಲಿ ಮೂರು ವಸ್ತುಗಳು ಸಿಕ್ಕವು. ಒಂದು, ಆಗಲೇ ಹೇಳಿದ ಅಸಿಟೇಟ್. ಇನ್ನೊಂದು ಅದರ ಹತ್ತಿರದ ನಂಟಾದ ಜ಼ೆಡ್-9-ಟೆಟ್ರಾಡೆಸಿನಾಲ್. ಮೂರನೆಯದು ಜ಼ೆಡ್-11-ಹೆಕ್ಸಾಡೆಸಿನಾಲ್. ಮೂರೂ ಪತಂಗಗಳ ಲೋಕದಲ್ಲಿ ತೀರ ಸಾಮಾನ್ಯವಾದ ಲಿಂಗಾಕರ್ಷಕಗಳೇ. ಕೊನೆಯದು ನಮ್ಮ ತೊಗರಿ, ಹತ್ತಿ, ಕಡಲೆಯ ಕಾಯಿಕೊರಕದ ಪತಂಗವನ್ನು ಸೆಳೆಯುವ ಗುಳಿಗೆಯ ಮುಖ್ಯ ವಸ್ತುವೂ ಹೌದು. ಸಾಗರದಾಚೆಯ ಜೇಡ, ಇಲ್ಲಿನ ಗುಳಿಗೆ ತಯಾರಕ, ಇಬ್ಬರ ಸರಕೂ ಒಂದೇ.

ವಾಸನೆಯ ವೇಷಕ್ಕೆ ಒಂದು ದೌರ್ಬಲ್ಯವಿದೆ. ಪ್ರತಿ ಪತಂಗ ಪ್ರಭೇದದ ಹೆಣ್ಣಿನ ವಾಸನೆ ಬೇರೆ. ಯಾವ ಘಟಕಗಳಿವೆ, ಎಷ್ಟೆಷ್ಟು ಪಾಲಿನಲ್ಲಿವೆ ಎಂಬುದು ನಿಖರ. ಒಂದು ವಾಸನೆಯನ್ನು ಚೆನ್ನಾಗಿ ನಕಲು ಮಾಡಿದಷ್ಟೂ ಉಳಿದ ಪತಂಗಗಳು ದೂರವಾಗುತ್ತವೆ. ಬರೀ ಒಂದು ಬೇಟೆಯನ್ನು ನೆಚ್ಚಿಕೊಂಡ ಜೇಡ ಆ ಪತಂಗದ ಹಂಗಾಮು ಮುಗಿದರೆ ಹಸಿವಿನಿಂದ ಸಾಯಬೇಕು. ಕಾರ್ನಿಜೆರಾ 19 ಬಗೆಯ ಪತಂಗಗಳನ್ನು ಹಿಡಿದದ್ದು ದಾಖಲಾಗಿದೆ. ಅವುಗಳ ವಾಸನೆಗಳು ಒಂದೇ ರಾಸಾಯನಿಕ ಕುಟುಂಬದವಾದರೆ ಇದನ್ನು ಅರ್ಥ ಮಾಡಿಕೊಳ್ಳುವುದು ಅಷ್ಟು ಕಷ್ಟವಲ್ಲ. ಕೆಂಟಕಿಯ ಹಚಿನ್ಸೋನಿ ಮಾಡುವುದು ಇದಕ್ಕಿಂತ ಬಹಳ ಸೂಕ್ಷ್ಮವಾದದ್ದು. ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಸೊಗಸಾದ ಕೆಲಸವೂ ಅದರ ಮೇಲೆಯೇ ಆದದ್ದು.

ಕೆಂಟಕಿ ವಿಶ್ವವಿದ್ಯಾಲಯದ ಕೆನ್ನೆತ್ ಯಾರ್ಗನ್ ಮತ್ತು ಕೆನ್ನೆತ್ ಹೇಯ್ನ್ಸ್ 1980ರ ದಶಕದ ಕೊನೆಯಿಂದ ಇದನ್ನು ಬೆನ್ನುಹತ್ತಿದರು. ಹಚಿನ್ಸೋನಿಯ ಬೇಟೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಹೆಚ್ಚು ಎರಡೇ ಪತಂಗಗಳು: ಲ್ಯಾಸಿನಿಪೋಲಿಯಾ ರೆನಿಜೆರಾ ಮತ್ತು ಟೆಟನೊಲಿಟಾ ಮೈನೆಸಾಲಿಸ್. ಮೊದಲನೆಯದು ಮುಸ್ಸಂಜೆ ಕಳೆದು ರಾತ್ರಿ ಹತ್ತೂವರೆಯವರೆಗೆ ಹಾರುತ್ತದೆ. ಎರಡನೆಯದು ಹನ್ನೊಂದರ ನಂತರ. ಎರಡರ ವಾಸನೆಗೂ ರಾಸಾಯನಿಕವಾಗಿ ಸಂಬಂಧವೇ ಇಲ್ಲ. ರೆನಿಜೆರಾದ್ದು ಅದೇ ಜ಼ೆಡ್-9-ಟೆಟ್ರಾಡೆಸಿನೈಲ್ ಅಸಿಟೇಟ್ ಹಾಗೂ ಅದರ ಜೊತೆಯ ಇನ್ನೊಂದು ಅಸಿಟೇಟ್. ಮೈನೆಸಾಲಿಸ್‌ದ್ದು 21 ಇಂಗಾಲದ ಉದ್ದ ಸರಪಳಿಯ ಹೈಡ್ರೊಕಾರ್ಬನ್ ಮತ್ತು ಎಪಾಕ್ಸೈಡ್. ಪತಂಗಗಳಲ್ಲಿ ಈ ಎರಡು ಬಗೆಯ ವಾಸನೆಗಳು ತಯಾರಾಗುವ ದಾರಿಗಳೇ ಬೇರೆ ಬೇರೆ. ಒಂದೇ ಜೇಡದ ಮೈಯಲ್ಲಿ ಎರಡೂ ಕಾರ್ಖಾನೆ ನಡೆಯುತ್ತಿವೆ.

ಹಾಗಾದರೆ ಜೇಡ ಹತ್ತೂವರೆಗೆ ಒಂದು ವಾಸನೆ ನಿಲ್ಲಿಸಿ ಇನ್ನೊಂದನ್ನು ಶುರು ಮಾಡುತ್ತದೆಯೇ? ಇದನ್ನು ಪರೀಕ್ಷಿಸಲು ಹೇಯ್ನ್ಸ್ ತಂಡ ಪ್ರಯೋಗಶಾಲೆಯಲ್ಲಿ ಪತಂಗಗಳ ಹಗಲು-ರಾತ್ರಿಯ ಲಯವನ್ನೇ ಹಿಂದುಮುಂದು ಮಾಡಿತು. ತಡವಾಗಿ ಹಾರುವ ಮೈನೆಸಾಲಿಸ್ ಗಂಡುಗಳನ್ನು ಬೇಗ ಎಚ್ಚರಗೊಳ್ಳುವಂತೆ ಮಾಡಿ ಮುಸ್ಸಂಜೆಯ ಜೇಡದ ಮುಂದೆ ಬಿಟ್ಟರು. ಅವು ಬಂದವು. ಅಂದರೆ ಮೈನೆಸಾಲಿಸ್ ವಾಸನೆಯನ್ನು ಜೇಡ ರಾತ್ರಿಯಿಡೀ ಬಿಡುತ್ತಿರುತ್ತದೆ. ಬದಲಾಗುವುದು ರೆನಿಜೆರಾದ ವಾಸನೆ. ಹೊತ್ತು ಏರಿದಂತೆ ಜೇಡ ಅದನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಕಾರಣವೂ ಸಿಕ್ಕಿತು: ರೆನಿಜೆರಾದ ವಾಸನೆ ಬೆರೆತಿದ್ದರೆ ಮೈನೆಸಾಲಿಸ್ ಗಂಡುಗಳು ಹಿಂಜರಿಯುತ್ತವೆ. ಮೊದಲ ಗಿರಾಕಿಗಳ ಹೊತ್ತು ಮುಗಿದ ಮೇಲೆ ಎರಡನೆಯವರಿಗೆ ಅಡ್ಡಿಯಾಗುವ ವಾಸನೆಯನ್ನು ತಗ್ಗಿಸುವುದು, ಇಷ್ಟೇ ಲೆಕ್ಕಾಚಾರ. 2002ರಲ್ಲಿ ಇದು ಪ್ರಕಟವಾಯಿತು. ‘ಜೇಡ ಲೆಕ್ಕ ಹಾಕುತ್ತದೆ’ ಎಂದು ಬರೆಯುವುದು ಬರೆಯುವವರ ಸೌಕರ್ಯ ಅಷ್ಟೇ. ಯಾವ ಜೇಡಗಳ ಸ್ರಾವ ಹೊತ್ತಿಗೆ ತಕ್ಕಂತೆ ಇಳಿಯಿತೋ ಅವಕ್ಕೆ ಹೆಚ್ಚು ಊಟ, ಹೆಚ್ಚು ಮರಿ. ಲಕ್ಷಾಂತರ ತಲೆಮಾರಿನಲ್ಲಿ ಅದೇ ನಿಂತಿತು.

ಯಾರ್ಗನ್‌ನ ಇನ್ನೊಂದು ಶೋಧ ನನ್ನ ಮಟ್ಟಿಗೆ ಇಡೀ ಚರ್ಚೆಯ ತೀರ್ಪು. ಮೊಟ್ಟೆಚೀಲದಿಂದ ಹೊರಬಂದ ಮರಿಗಳು ದಾರವನ್ನೂ ಕಟ್ಟುವುದಿಲ್ಲ, ಗುಂಡನ್ನೂ ಮಾಡುವುದಿಲ್ಲ. ಎಲೆಯಂಚಿನಲ್ಲಿ ಮುಂಗಾಲು ಚಾಚಿ ಕೂತು, ಹತ್ತಿರ ಬಂದದ್ದನ್ನು ಕಾಲಲ್ಲೇ ಹಿಡಿಯುತ್ತವೆ. ಹತ್ತಿರ ಬರುವುದು ಏನು? ಬಚ್ಚಲ ಗೋಡೆಯ ಮೇಲೆ ಕೂರುತ್ತವಲ್ಲ, ರೋಮ ತುಂಬಿದ ರೆಕ್ಕೆಯ ಪುಟ್ಟ ನೊಣಗಳು, ಆ ಸೈಕೋಡಿಡೇ ಕುಟುಂಬದವು. ಇಲ್ಲಿಯೂ ಬರುವುದು ಗಂಡುಗಳೇ. ಅಂದರೆ ಸಾಸಿವೆಗಿಂತ ಚಿಕ್ಕದಾದ ಜೇಡಮರಿ ಹುಟ್ಟಿನಿಂದಲೇ ನೊಣದ ಹೆಣ್ಣಿನ ವಾಸನೆ ಬಿಡುತ್ತದೆ, ಬೆಳೆದ ಮೇಲೆ ಪತಂಗದ ವಾಸನೆಗೆ ಬದಲಾಗುತ್ತದೆ. ಗಂಡು ಜೇಡಗಳು ಆ ಮೊದಲ ಪಾಠವನ್ನು ಬಿಡುವುದೇ ಇಲ್ಲ. ಅವು ಹೆಣ್ಣಿಗಿಂತ ಬಹಳ ಮುಂಚೆ, ಕೆಲವೇ ಪೊರೆ ಕಳಚಿ ಪ್ರೌಢವಾಗುತ್ತವೆ. ಹೆಣ್ಣು ಪ್ರೌಢವಾಗುವುದು ಬೇಸಗೆಯ ಕೊನೆಗೆ. ಅಲ್ಲಿಯವರೆಗೆ ಗಂಡು ಕಾಯಬೇಕು, ಕಾಯುವವನಿಗೆ ಹೊಟ್ಟೆಯೂ ಇದೆ. ಹಾಗಾಗಿ ಪ್ರೌಢ ಗಂಡು ಮರಿಗಳಂತೆಯೇ ನೊಣ ಹಿಡಿದು ಬದುಕುತ್ತದೆ. ಜೀವನಪೂರ್ತಿ ಅದು ಗುಂಡು ಬೀಸುವುದೇ ಇಲ್ಲ. ಬೋಲಾಸ್ ಜೇಡ ಎಂಬ ಹೆಸರಿನ ಕುಲದಲ್ಲಿ ಗಂಡುಗಳೂ ಮರಿಗಳೂ ಬೋಲಾಸ್ ಮುಟ್ಟುವುದಿಲ್ಲ, ವಾಸನೆ ಮಾತ್ರ ಎಲ್ಲರಿಗೂ ಇದೆ. ಯಾವುದು ಮೂಲ, ಯಾವುದು ಆಮೇಲೆ ಬಂದದ್ದು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆನ್ನಿಸುವುದಿಲ್ಲ.

ನಂಟರನ್ನು ನೋಡಿದರೂ ಅದೇ ಸುಳಿವು. ಆಸ್ಟ್ರೇಲಿಯಾದ ಸೆಲೇನಿಯಾ ಮತ್ತು ಅಮೆರಿಕದ ಟಕ್ಜಾನೋವ್‌ಸ್ಕಿಯಾ ದಾರವಿಲ್ಲದೆ ಬರಿಗಾಲಿನಲ್ಲೇ ಪತಂಗ ಹಿಡಿಯುತ್ತವೆ. ಅಮೆರಿಕದ ಕೈರಾ ಪುಟ್ಟ ಬಲೆಯೊಂದನ್ನು ಹಿಡಿದು ನೇತಾಡುತ್ತದೆ. ಗುಂಡು ಬೀಸುವವು ಮೂರು ಕಡೆ ಇವೆ: ಅಮೆರಿಕದ ಮ್ಯಾಸ್ಟೊಫೋರಾ ಮುಂಗಾಲಿನಿಂದ, ಆಸ್ಟ್ರೇಲಿಯಾ-ಏಷ್ಯಾದ ಆರ್ಡ್‌ಗೇರಿಯಸ್ ಎರಡನೆಯ ಜೋಡಿ ಕಾಲಿನಿಂದ, ಆಫ್ರಿಕಾದ ಕ್ಲ್ಯಾಡೊಮೀಲಿಯಾ ಮೂರನೆಯ ಜೋಡಿಯಿಂದ. ಕ್ಲ್ಯಾಡೊಮೀಲಿಯಾ ಅಂತೂ ಪತಂಗಕ್ಕೆ ಕಾಯದೆ ಗುಂಡನ್ನು ಸುತ್ತ ತಿರುಗಿಸುತ್ತಲೇ ಇರುತ್ತದೆ. ಆರ್ಡ್‌ಗೇರಿಯಸ್‌ನ ಪ್ರಭೇದಗಳು ಭಾರತ, ಶ್ರೀಲಂಕಾ, ಚೀನಾ, ಜಪಾನ್‌ಗಳಲ್ಲಿ ದಾಖಲಾಗಿವೆ. ಇನ್ನು ಸಿರ್ಟರಾಕ್ನೆ, ಪ್ಯಾಸಿಲೋಬಸ್ ಮುಂತಾದ ಏಷ್ಯಾದ ನಂಟರು ಬಲೆ ಕಟ್ಟುತ್ತವೆ. ಆ ಬಲೆಯಲ್ಲಿ ಎಳೆಗಳು ಕೆಲವೇ, ಹನಿಗಳು ದೊಡ್ಡವು, ಪತಂಗ ತಾಗಿದರೆ ಎಳೆಯ ಒಂದು ತುದಿ ಕಳಚಿ ಪತಂಗ ನೇತಾಡುತ್ತದೆ. ಚಕ್ರಬಲೆಯಿಂದ ಈ ಬಡಕಲು ಬಲೆಗೆ, ಅಲ್ಲಿಂದ ಒಂದೇ ಎಳೆಗೆ ಇಳಿದುಬಂದ ಹಾದಿಯನ್ನು ಇವುಗಳಲ್ಲಿ ಕಾಣಬಹುದು ಎಂಬುದು ಬಹುಮಂದಿಯ ಅಭಿಪ್ರಾಯ. ಬೇಟೆಯನ್ನು ಹತ್ತಿರಕ್ಕೆ ಕರೆಯಬಲ್ಲ ಜೇಡಕ್ಕೆ ದೊಡ್ಡ ಬಲೆ ದಂಡದ ಖರ್ಚು. ವಾಸನೆ ಬಲವಾದಷ್ಟೂ ನೂಲು ಕಡಿಮೆಯಾಗುತ್ತ ಬಂದಿರಬೇಕು.

ಈ ಜೇಡಗಳನ್ನು ತಂದು ಮೆಕ್ಕೆಜೋಳದ ಹೊಲದಲ್ಲಿ ಬಿಟ್ಟರೆ ಹೇಗೆ ಎಂದು ಯಾರಿಗಾದರೂ ಆಸೆ ಹುಟ್ಟಬಹುದು. ಬೇಡ. ಒಂದು ಜೇಡ ರಾತ್ರಿಗೆ ಹಿಡಿಯುವುದು ಕೆಲವೇ ಪತಂಗ, ಅದೂ ಗಂಡು. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುವುದರಿಂದ ಕೆಲವು ಗಂಡು ಹೋದರೆ ಮೊಟ್ಟೆಗಳ ಸಂಖ್ಯೆ ಅಷ್ಟೇನೂ ಇಳಿಯುವುದಿಲ್ಲ. ಮೋಹಕ ಬಲೆಯಿಂದ ಪೀಡೆ ಬಂದದ್ದು ತಿಳಿಯುವುದು ಸುಲಭ, ಪೀಡೆಯನ್ನು ನಿರ್ಮೂಲ ಮಾಡುವುದು ಕಷ್ಟ ಎಂಬುದಕ್ಕೂ ಇದೇ ಕಾರಣ.

ಇದೇ ಲೆಕ್ಕ ಪತಂಗದ ಕಡೆಯಿಂದಲೂ ನಡೆಯುತ್ತದೆ. ಇಷ್ಟು ಕಾಲ ಮೋಸಹೋದರೂ ಗಂಡು ಪತಂಗ ಯಾಕೆ ಕಲಿಯುವುದಿಲ್ಲ? ಜೇಡಗಳು ವಿರಳ, ನಿಜವಾದ ಹೆಣ್ಣುಗಳು ಹೆಚ್ಚು. ವಾಸನೆ ಬಂದಾಗಲೆಲ್ಲ ಅನುಮಾನಿಸುವ ಗಂಡು ಜೇಡದಿಂದ ಪಾರಾಗಬಹುದು, ಆದರೆ ಹೆಣ್ಣಿನ ಬಳಿಗೆ ಎರಡನೆಯವನಾಗಿ ತಲುಪುತ್ತದೆ. ಮಿಂಚುಹುಳುಗಳಲ್ಲಿ ಫೋಟ್ಯೂರಿಸ್ ಹೆಣ್ಣು ಬೇರೆ ಕುಲದ ಹೆಣ್ಣಿನ ಮಿಂಚನ್ನು ನಕಲು ಮಾಡಿ ಗಂಡನ್ನು ಕರೆದು ತಿನ್ನುವುದೂ ಇದೇ ಲೆಕ್ಕದ ಮೇಲೆ ನಿಂತಿದೆ. ಮೋಸ ಅಪರೂಪವಾಗಿದ್ದಷ್ಟು ಕಾಲ ಮಾತ್ರ ಅದು ಲಾಭದಾಯಕ. ಬೋಲಾಸ್ ಜೇಡಗಳು ಎಲ್ಲೆಡೆ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ.

ವಿರಳತೆಯೇ ಅಧ್ಯಯನಕ್ಕೂ ಅಡ್ಡಿ. ಐವತ್ತರಷ್ಟು ಪ್ರಭೇದಗಳ ಪೈಕಿ ಎಷ್ಟೋ ಪ್ರಭೇದಗಳು ಸಂಗ್ರಹಾಲಯಗಳಲ್ಲಿ ಕೆಲವೇ ಮಾದರಿಗಳಾಗಿ ಉಳಿದಿವೆ. ವಾಸನೆಯ ರಾಸಾಯನಿಕ ವಿವರ ಸಿಕ್ಕಿರುವುದು ಬೆರಳೆಣಿಕೆಯ ಪ್ರಭೇದಗಳದ್ದು, ಅದರಲ್ಲೂ ಕೂಲಂಕಷವಾಗಿ ಬಿಡಿಸಿದ್ದು ಉತ್ತರ ಅಮೆರಿಕದ ಎರಡರದ್ದು. ಸ್ರಾವ ಜೇಡದ ಮೈಯ ಯಾವ ಗ್ರಂಥಿಯಿಂದ ಹೊರಡುತ್ತದೆ ಎನ್ನುವ ಸರಳ ಪ್ರಶ್ನೆಯೇ 1987ರ ನಂತರವೂ ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು. ಪತಂಗಗಳ ಲಿಂಗಾಕರ್ಷಕ ತಯಾರಿಸುವ ಕಿಣ್ವಗಳು ಇಂದು ಚೆನ್ನಾಗಿ ಗೊತ್ತಿವೆ. ಜೇಡ ಅದೇ ಬಗೆಯ ಕಿಣ್ವಗಳನ್ನು ತಾನೇ ಬೇರೆಯಾಗಿ ರೂಪಿಸಿಕೊಂಡಿದೆಯೋ, ಬೇರೆ ದಾರಿ ಹಿಡಿದು ಅದೇ ಅಣುವಿಗೆ ತಲುಪಿದೆಯೋ ಎಂಬುದನ್ನು ತೀರ್ಮಾನಿಸಬೇಕಾದರೆ ಮೊದಲು ಆ ಗ್ರಂಥಿ ಕೈಗೆ ಸಿಗಬೇಕು.